ಅನ್ಯಕುಕ್ಕುಟೋತ್ಪತ್ತಿ ಮೀಮಾಂಸೆ: ಇಟ್ಟ ತತ್ತಿ ಒಂದು, ಒಡೆದ ಮರಿ ಇನ್ನೊಂದು

ಹೈದರಾಬಾದಿನ ಮೆಹದಿಪಟ್ಟಣಂ ಶಾಸ್ತ್ರಚರ್ಚೆಗೆ ಹೆಸರಾದ ಜಾಗವಲ್ಲ. ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದು, 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರು ಹೊತ್ತ ಈ ಬಡಾವಣೆಗೆ ಜನ ಬರುವುದು ಬಸ್ಸು ಬದಲಿಸಲು, ರೈತು ಬಜಾರಿನಲ್ಲಿ ಸೊಪ್ಪು ಕೊಳ್ಳಲು, ಇಲ್ಲವೇ ಮೇಲ್ಸೇತುವೆ ಹತ್ತಿ ವಿಮಾನ ನಿಲ್ದಾಣದ ದಾರಿ ಹಿಡಿಯಲು. ಆದರೂ ಕುಕ್ಕುಟಶಾಸ್ತ್ರದ ಬಲು ತೊಡಕಿನ ಪ್ರಶ್ನೆಯೊಂದನ್ನು ಮೆಹದಿಪಟ್ಟಣಂ ಬಿಟ್ಟು ಬೇರೆ ಕಡೆ ಎತ್ತಿದರೆ ಅಧಿಕಪ್ರಸಂಗವಾದೀತು. ಒಂದು ತಳಿಯದೆಂದು ನಂಬಿ ಕಾವಿಗಿಟ್ಟ ತತ್ತಿಯಿಂದ ಇನ್ನೊಂದು ತಳಿಯ ಮರಿ ಯಾಕೆ ಹೊರಬರುತ್ತದೆ ಎಂಬುದೇ ಆ ಪ್ರಶ್ನೆ.

ಸ್ಥಳನಿರ್ಣಯಕ್ಕೆ ಕಾರಣ ಭೂಗೋಳ. 2009ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಮೆಹದಿಪಟ್ಟಣಂನಲ್ಲಿ ಮೇಲೆದ್ದು, 11.6 ಕಿಲೋಮೀಟರ್ ಕಂಬಗಳ ಮೇಲೆಯೇ ನಡೆದು, ಆರಾಂಘರ್‌ನಲ್ಲಿ ನೆಲ ಮುಟ್ಟುತ್ತದೆ. ಅದರ ಕೆಳಗೆ ಬದುಕುವವರು ವಿಳಾಸ ಹೇಳುವುದೇ ಪಿಲ್ಲರ್ ನಂಬರಿನಿಂದ. ಸೇತುವೆಯ ಈ ತುದಿಯಲ್ಲಿ ತತ್ತಿ ಮಾರುವವರೂ ಕೊಳ್ಳುವವರೂ ಇದ್ದಾರೆ. ಆ ತುದಿಯ ಸನಿಹದ ರಾಜೇಂದ್ರನಗರದಲ್ಲಿ ಕೋಳಿಗಳನ್ನು ಹೊಸದಾಗಿ ರೂಪಿಸುವವರಿದ್ದಾರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೋಳಿ ಸಂಶೋಧನಾ ನಿರ್ದೇಶನಾಲಯ 1988ರಿಂದ ಅಲ್ಲಿದೆ. ಪಕ್ಕದಲ್ಲೇ ಪಿ.ವಿ. ನರಸಿಂಹರಾವ್ ತೆಲಂಗಾಣ ಪಶುವೈದ್ಯ ವಿಶ್ವವಿದ್ಯಾಲಯ. ಹೋಗುವ ದಾರಿಗೂ ಮುಟ್ಟುವ ಜಾಗಕ್ಕೂ ಒಬ್ಬರದೇ ಹೆಸರು. ಹಲವು ಭಾಷೆ ಬಲ್ಲ ಆ ಪ್ರಧಾನಿಗೆ ಕೋಳಿಗಳ ಭಾಷೆಯೂ ಬರುತ್ತಿತ್ತೇ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ.

ನಿರ್ದೇಶನಾಲಯದಿಂದ ಹೊರಬಂದ ಹಿತ್ತಲ ಕೋಳಿಗಳು ವನರಾಜ, ಗ್ರಾಮಪ್ರಿಯ, ಶ್ರೀನಿಧಿ. ರಾಜೇಂದ್ರನಗರದ ಪಶುವೈದ್ಯ ಕಾಲೇಜಿನದು ರಾಜಶ್ರೀ. ವನರಾಜ, ರಾಜಶ್ರೀ, ಶ್ರೀನಿಧಿ ಎಂದು ಒಂದೇ ಉಸಿರಿನಲ್ಲಿ ಹೇಳಿ ನೋಡಿದರೆ, ವಿಜ್ಞಾನಿಗಳು ಬಿಡುವಿನ ವೇಳೆಯಲ್ಲಿ ಅಂತ್ಯಾಕ್ಷರಿ ಆಡುತ್ತಿದ್ದರೆಂಬ ಅನುಮಾನ ಬರುತ್ತದೆ.

ಯಾವ ಶಾಸ್ತ್ರಕ್ಕೂ ಮೊದಲು ಅಧಿಕಾರಿ ಯಾರೆಂದು ತೀರ್ಮಾನವಾಗಬೇಕು. ಈ ಶಾಸ್ತ್ರಕ್ಕೆ ಅಧಿಕಾರಿ, ಅಪಾರ್ಟ್‌ಮೆಂಟಿನ ತಾರಸಿಯ ಮೂಲೆಯೊಂದನ್ನು ಮೆಲ್ಲಗೆ ತನ್ನದಾಗಿಸಿಕೊಂಡವನು. ಮನೆಯವರ ಮೌನವನ್ನು ಸಮ್ಮತಿಯೆಂದು ತಿಳಿದವನು. ಥರ್ಮಕೋಲ್ ಡಬ್ಬಕ್ಕೆ ಬಲ್ಬು, ಪುಟ್ಟ ಫ್ಯಾನು, ಥರ್ಮೋಸ್ಟಾಟ್ ಜೋಡಿಸಿ ಅದನ್ನು ಹ್ಯಾಚರಿ ಎಂದು ಕರೆಯುವವನು. ಇವನನ್ನು ಇನ್ನು ಮುಂದೆ ಗೃಹಸ್ಥನೆಂದು ಕರೆಯಲಾಗುವುದು. ಇವನು ಊಹೆಯ ಮನುಷ್ಯ, ಆದರೆ ಇವನ ಬಂಧುಗಳು ಎಲ್ಲ ಊರಿನಲ್ಲೂ ಇದ್ದಾರೆ. ಚರ್ಚೆಯ ಅನುಕೂಲಕ್ಕಾಗಿ ಇವನನ್ನು ಬೀದರ್ ಜಿಲ್ಲೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವನೆಂದು ಇಟ್ಟುಕೊಳ್ಳೋಣ. ಆಗ ಇವನು ಮೊಟ್ಟೆಗೆ ತತ್ತಿ ಎಂದೂ ನಾಟಿ ಕೋಳಿಗೆ ಜವಾರಿ ಕೋಳಿ ಎಂದೂ ಅನ್ನುವುದು ಸಹಜವಾಗುತ್ತದೆ.

ಗೃಹಸ್ಥ ಬಜಾರಿನ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತವನಿಂದ ಒಂದು ಡಜನ್ ತತ್ತಿ ತರುತ್ತಾನೆ. "ಏಕ್‌ದಮ್ ದೇಸೀ ಹೈ, ಸಾಬ್" ಎಂಬುದೇ ರಸೀದಿ. ಡಬ್ಬದ ಶಾಖ 37.5 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಹಲವು ಸಲ ಹೊರಳಿಸುವುದು. ಏಳನೇ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ, ಕೆಂಪು ನರಗಳ ಜಾಲ ಕಂಡವನ್ನು ಉಳಿಸಿ ಬಂಜೆ ತತ್ತಿಗಳನ್ನು ಹೊರಗಿಡುವುದು. ಕೊನೆಯ ಮೂರು ದಿನ ಹೊರಳಿಸುವುದನ್ನು ನಿಲ್ಲಿಸಿ, ಬಟ್ಟಲಲ್ಲಿ ನೀರಿಟ್ಟು ತೇವ ಹೆಚ್ಚಿಸುವುದು. 21ನೇ ದಿನ ಫಲಪ್ರಾಪ್ತಿ. ಒಂದು ಹಳದಿ, ಎರಡು ಕಪ್ಪು, ಒಂದರ ಬೆನ್ನ ಮೇಲೆ ಅಳಿಲಿನಂತೆ ಪಟ್ಟೆ, ಇನ್ನೊಂದಕ್ಕೆ ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲ. ಫೋಟೋ ಬೀದರಿಗೆ ಹೋಗುತ್ತದೆ. ಅಲ್ಲಿಂದ ಫೋನು ಬರುತ್ತದೆ.

"ತಮ್ಮಾ, ಜವಾರಿ ತತ್ತಿ ಇಟ್ಟೀನಿ ಅಂದಿದ್ದಿ. ಇವೇನ್ ಒಂದ್ ತಾಯಿ ಮಕ್ಕಳಂಗ ಕಾಣವಲ್ಲವಲ್ಲೋ?"

"ಒಂದ ತಾಯಿವಲ್ರೀ ಕಾಕಾ, ಒಂದ ಬುಟ್ಟಿವು."

ಶಾಸ್ತ್ರ ಹುಟ್ಟುವುದು ಇಲ್ಲಿ. ಸಿದ್ಧಾಂತ ಹೇಳುವ ಮುನ್ನ ಪೂರ್ವಪಕ್ಷಗಳನ್ನು ವಿಚಾರಿಸಬೇಕಾದದ್ದು ಸಂಪ್ರದಾಯ.

ಮೊದಲನೆಯವರು ಚಿಪ್ಪುವಾದಿಗಳು. ಇವರ ಸಂಖ್ಯೆ ದೊಡ್ಡದು. ರೈತು ಬಜಾರಿನ ಸರತಿಯಲ್ಲಿ ನಿಂತವರಲ್ಲಿ ಬಹುಪಾಲು ಇವರೇ. ಚಿಪ್ಪು ಬಿಳಿಯಾದರೆ ಫಾರಂ ಕೋಳಿ, ಕಂದಾದರೆ ಜವಾರಿ, ಸಣ್ಣದಾದರೆ ಖಂಡಿತ ಜವಾರಿ ಎಂಬುದು ಇವರ ಮತ. ಈ ಮತಕ್ಕೆ ವ್ಯಾಪಾರಿಗಳ ಸಂಪೂರ್ಣ ಬೆಂಬಲವಿದೆ, ಯಾಕೆಂದರೆ ಕಂದು ಚಿಪ್ಪಿಗೆ ದರ ಹೆಚ್ಚು. ಆದರೆ ಚಿಪ್ಪಿಗೆ ಕಂದು ಕೊಡುವುದು ಪ್ರೋಟೋಪಾರ್ಫಿರಿನ್ ಎಂಬ ವರ್ಣದ್ರವ್ಯ. ಹೇಂಟೆಯ ಗರ್ಭದಲ್ಲಿ ತತ್ತಿ ಹೊರಬೀಳುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಬಳಿಯಲಾಗುತ್ತದೆ. ಆ ಕೆಲಸ ತಾಯಿಯದೊಂದೇ. ಒಳಗಿರುವ ಮರಿಯ ತಂದೆಗೆ ಅದರಲ್ಲಿ ಪಾತ್ರವಿಲ್ಲ. ಪಂಜರದಲ್ಲಿ ಸಾಕುವ ವಾಣಿಜ್ಯ ತಳಿಗಳಲ್ಲೂ ಕಂದು ಚಿಪ್ಪು ಇಡುವವು ಬೇಕಾದಷ್ಟಿವೆ. ಮೈ, ಮಾಂಸ, ಜುಟ್ಟು ಎಲ್ಲ ಕಪ್ಪಾದ ಕಡಕ್‌ನಾಥ್ ಇಡುವುದೂ ತಿಳಿ ಕಂದು ತತ್ತಿಯನ್ನೇ. ಅದರ ತತ್ತಿಯೂ ಕಪ್ಪೆಂದು ನಂಬಿ ಹುಡುಕುವವರು ಆಯುಷ್ಯ ಕಳೆಯಬಹುದು. ನೀಲಿ ಚಿಪ್ಪಿನ ಕಥೆ ಇನ್ನೂ ವಿಚಿತ್ರ. ದಕ್ಷಿಣ ಅಮೆರಿಕದ ಅರೌಕಾನಾ ಕೋಳಿಗೆ ನೀಲಿ ತತ್ತಿ ಬಂದದ್ದು, ಯಾವುದೋ ಕಾಲದಲ್ಲಿ ಅದರ ಜೀನಿನ ಪಕ್ಕ ಹೊಕ್ಕು ಕೂತ ಒಂದು ವೈರಸ್ಸಿನಿಂದ ಎಂದು 2013ರಲ್ಲಿ ಗೊತ್ತಾಯಿತು. ಅಂದರೆ ಚಿಪ್ಪು ನೋಡಿ ಮರಿಯ ತಳಿ ಹೇಳುವುದಕ್ಕಿಂತ ಲಕೋಟೆಯ ಬಣ್ಣ ನೋಡಿ ಪತ್ರ ಬರೆದವನ ಮದುವೆಯಾಗಿದೆಯೇ ಎಂದು ಹೇಳುವುದು ಸುಲಭ.

ಎರಡನೆಯವರು ಕಾವುವಾದಿಗಳು. ಕಾವು ಕೊಟ್ಟ ಕೋಳಿಯ ಗುಣ ಮರಿಗೆ ಇಳಿಯುತ್ತದೆಂಬ ಇವರ ನಂಬಿಕೆಯಲ್ಲಿ ಒಂದು ಬಗೆಯ ಮಾತೃಭಕ್ತಿ ಇದೆ. ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಆದರೂ ತಳ್ಳಲೇಬೇಕು. ವರ್ಷವಿಡೀ ತತ್ತಿ ಇಡಲೆಂದೇ ಆಯ್ದು ಬೆಳೆಸಿದ ತಳಿಗಳು ಕಾವು ಕೂರುವುದನ್ನೇ ಮರೆತಿರುವುದರಿಂದ, ಹಳ್ಳಿಗಳಲ್ಲಿ ಪರರ ತತ್ತಿಯೆಲ್ಲ ಜವಾರಿ ಹ್ಯಾಟಿಯ ಹೊಟ್ಟೆಯಡಿಗೇ ಹೋಗುತ್ತದೆ. ಬಾತುಕೋಳಿಯ ತತ್ತಿ ಇಟ್ಟರೆ 28 ದಿನ ಕೂರುತ್ತಾಳೆ, ಮರಿಗಳು ನೀರಿಗಿಳಿದಾಗ ಕೆರೆಯ ದಂಡೆಯಲ್ಲಿ ನಿಂತು ಬೊಬ್ಬೆ ಹಾಕುತ್ತಾಳೆ. ಅವಳು ಕೊಡುವುದು ಶಾಖ. ಥರ್ಮಕೋಲ್ ಡಬ್ಬದ ಗುಣ ಮರಿಗೆ ಬರುವುದಾಗಿದ್ದರೆ ಮೆಹದಿಪಟ್ಟಣಂನ ತಾರಸಿಗಳ ಮೇಲೆ ಇಷ್ಟು ಹೊತ್ತಿಗೆ ಬಿಳಿಯ, ಚೌಕಾಕಾರದ, ನೀರಲ್ಲಿ ತೇಲುವ ಕೋಳಿಗಳು ಓಡಾಡಬೇಕಿತ್ತು.

ಮೂರನೆಯವರು ಶಂಕಾವಾದಿಗಳು. ಮೇಲಿನ ಮಹಡಿಯವರು ರಾತ್ರೋರಾತ್ರಿ ತತ್ತಿ ಬದಲಿಸಿದರೆಂಬುದು ಇವರ ವಾದ. ಇದಕ್ಕೆ ಸಾಕ್ಷ್ಯವನ್ನು ಕೇಳಿದರೆ ಮೇಲಿನ ಮಹಡಿಯವರ ಸ್ವಭಾವವನ್ನು ಹೇಳುತ್ತಾರೆ.

ಉಳಿದವರು ರಸೀದಿವಾದಿಗಳು. ಇವರು ವಿದ್ಯಾವಂತರು. ಬುಟ್ಟಿಯವನನ್ನು ನಂಬದೆ, ಒಮ್ಮೆ ಸೇತುವೆ ದಾಟಿ ಹೋಗಿ ವನರಾಜ ಮರಿಗಳನ್ನೇ ತಂದು, ಬೆಳೆಸಿ, ಆ ವನರಾಜನಿಗೂ ವನರಾಜಿಯರಿಗೂ ಹುಟ್ಟಿದ ತತ್ತಿಯನ್ನು ಕಾವಿಗಿಡುತ್ತಾರೆ. ತಂದೆ ವನರಾಜ, ತಾಯಿ ವನರಾಜ, ಆದ್ದರಿಂದ ಮರಿ ವನರಾಜ. ತರ್ಕ ನಿರ್ದುಷ್ಟವಾಗಿದೆ. ಮರಿ ಮಾತ್ರ ಬೇರೆಯೇ ಬರುತ್ತದೆ. ಒಂದು ದಪ್ಪ, ಒಂದು ಸಪೂರ, ಒಂದಕ್ಕೆ ಬಣ್ಣ ಗಾಢ, ಒಂದಕ್ಕೆ ಪೇಲವ. ದೊಡ್ಡವಾದ ಮೇಲೆ ತತ್ತಿಯ ಲೆಕ್ಕವೂ ಕೈಕೊಡುತ್ತದೆ. ಹಿತ್ತಲಲ್ಲಿ ವರ್ಷಕ್ಕೆ 100ರಿಂದ 110 ತತ್ತಿ ಇಡುವ ಕೋಳಿಯೆಂಬ ಖ್ಯಾತಿ ವನರಾಜನ ಮೊದಲ ತಲೆಮಾರಿಗೆ ಸೇರಿದ್ದು. ಆ ಕೋಳಿ ಎರಡು ಬೇರೆ ಬೇರೆ ಸಾಲುಗಳ ಮಿಶ್ರಣ. ತಂದೆಯ ಸಾಲನ್ನು ಒಂದು ಕಡೆ, ತಾಯಿಯ ಸಾಲನ್ನು ಇನ್ನೊಂದು ಕಡೆ ಜೋಪಾನವಾಗಿ ಕಾಪಾಡಿಕೊಂಡು, ಪ್ರತಿ ಸಲ ಅವೆರಡನ್ನೂ ಕೂಡಿಸಿದಾಗ ಮಾತ್ರ ವನರಾಜ ಹುಟ್ಟುತ್ತದೆ. ಮಿಶ್ರಣವನ್ನು ಮಿಶ್ರಣದೊಂದಿಗೆ ಕೂಡಿಸಿದರೆ ಅಜ್ಜ ಅಜ್ಜಿಯರು ಕಲಸಿಕೊಂಡು ತೋಚಿದಂತೆ ಹೊರಬರುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದು ಕರ್ನಾಟಕದ ಹಟ್ಟಿಗಳನ್ನೆಲ್ಲ ಹೊಕ್ಕ ಗಿರಿರಾಜನದೂ ಇದೇ ಕಥೆ. ಗಿರಿರಾಜ ಸಾಕಿದ ಎಷ್ಟೋ ಮನೆಗಳಲ್ಲಿ ಎರಡನೇ ವರ್ಷ ಅಂಗಳದಲ್ಲಿ ಓಡಾಡಿದ್ದು ರಾಜನೂ ಅಲ್ಲದ ಪ್ರಜೆಯೂ ಅಲ್ಲದ ಒಂದು ವರ್ಗ.

ಆದ್ದರಿಂದ ಸಿದ್ಧಾಂತ ಇದು: ಅನಿರೀಕ್ಷಿತ ಮರಿ ಎಂಬ ವಸ್ತುವೇ ಇಲ್ಲ. ತತ್ತಿಗೆ ಹೆಸರು ಹಚ್ಚುವವನು ಮನುಷ್ಯ, ಅದೂ ಮರಿ ಬರುವ 21 ದಿನ ಮೊದಲೇ. ತಳಿಯೊಂದು ತನ್ನ ಹಾಗೆಯೇ ಮರಿ ಹಾಕಬೇಕಾದರೆ ಅದನ್ನು ಹತ್ತಾರು ತಲೆಮಾರು ಬೇಲಿಯೊಳಗಿಟ್ಟು ಆಯ್ದಿರಬೇಕು. ಬಜಾರಿನ ಬುಟ್ಟಿಯಲ್ಲಿರುವ ತತ್ತಿಗೆ ಅಂಥ ಬೇಲಿ ಗೊತ್ತಿಲ್ಲ. ಅದರಿಂದ ಏನೂ ಬರಬಹುದೆಂಬುದು ವಿಜ್ಞಾನದ ನಿರೀಕ್ಷೆ. ಒಂದೇ ಬಗೆ ಬರಬೇಕೆಂಬುದು ಗೃಹಸ್ಥನ ಹಟ.

ಇಷ್ಟು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮೀಮಾಂಸಕರಿಗೆ ತಂದೆಯ ಪ್ರಕರಣವನ್ನು ಬಿಟ್ಟು ಮುಂದೆ ಹೋದರೆ ನಿದ್ದೆ ಬರುವುದಿಲ್ಲ.

ಗೃಹಸ್ಥ ಎಚ್ಚರಿಕೆಯಿಂದ ಒಂದೇ ತಳಿಯ ಹೇಂಟೆಗಳನ್ನು ಕೊಂಡು, ಅದೇ ತಳಿಯ ಹುಂಜವನ್ನು ಜೊತೆಗೆ ಬಿಟ್ಟು, ಒಂದು ವಾರ ಕಾದು ತತ್ತಿ ಆರಿಸಿದನೆನ್ನಿ. ಹುಟ್ಟಿದ ಮರಿಗಳಲ್ಲಿ ಅರ್ಧ ಯಾರದೋ ಮುಖಚರ್ಯೆ ಹೊತ್ತು ಬರುತ್ತವೆ. ಹೇಂಟೆಯ ಅಂಡನಾಳದ ಗೋಡೆಯಲ್ಲಿ ಕಣ್ಣಿಗೆ ಕಾಣದ ನಳಿಕೆಗಳಿವೆ. ಹುಂಜದ ವೀರ್ಯ ಅಲ್ಲಿ ಎರಡು ಮೂರು ವಾರ ಜೀವಂತವಾಗಿ ಉಳಿದು, ದಿನಕ್ಕೊಂದು ತತ್ತಿಗೆ ಸ್ವಲ್ಪ ಸ್ವಲ್ಪವಾಗಿ ಒದಗುತ್ತದೆ. ಹಳೆಯ ಅಂಗಳದ ಹುಂಜ ಬಿರಿಯಾನಿಯಾಗಿ ಜೀರ್ಣವಾದ ಮೇಲೂ ಅವನ ಮಕ್ಕಳು ಹೊಸ ಮನೆಯಲ್ಲಿ ಹುಟ್ಟುತ್ತಲೇ ಇರುತ್ತಾರೆ. ತಳಿ ಕಾಪಾಡುವವರು ಹೇಂಟೆಯನ್ನು ಕನಿಷ್ಠ ಮೂರು ವಾರ ಒಂಟಿಯಾಗಿಟ್ಟು, ಆಮೇಲೆ ಬೇಕಾದ ಹುಂಜಕ್ಕೆ ಬಿಡುವುದು ಇದಕ್ಕಾಗಿಯೇ. ಧರ್ಮಶಾಸ್ತ್ರಗಳು ಮನುಷ್ಯರಿಗೆ ಹೇಳಿದ ಅಶೌಚದ ಅವಧಿಗಳಿಗಿಂತ ಇದಕ್ಕೆ ಆಧಾರ ಗಟ್ಟಿಯಾಗಿದೆ.

ಇನ್ನು ಪ್ರಮಾಣಗಳ ವಿಚಾರ. ಯಾವ ಲಕ್ಷಣ ಯಾರ ಮೇಲೆ ಸಾಕ್ಷಿ ಹೇಳುತ್ತದೆ? ಇಲ್ಲಿ ಶಾಸ್ತ್ರ ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್‌ಗೆ ಋಣಿ. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಹೊಂದುತ್ತದೆಂದು 1902ರಲ್ಲಿ ಅವನು ತೋರಿಸಿದ್ದು ಕೋಳಿಯ ಜುಟ್ಟಿನಿಂದ. ಮುಂದೆ ಸಹೋದ್ಯೋಗಿ ಪನ್ನೆಟ್ ಜೊತೆ ಸೇರಿ ಗುಲಾಬಿ ಜುಟ್ಟಿನ ಕೋಳಿಯನ್ನು ಬಟಾಣಿ ಜುಟ್ಟಿನ ಕೋಳಿಯೊಂದಿಗೆ ಕೂಡಿಸಿದ. ಮರಿಗಳಿಗೆ ಬಂದದ್ದು ಎರಡೂ ಅಲ್ಲದ ಅಕ್ರೋಟು ಜುಟ್ಟು. ಆ ಅಕ್ರೋಟುಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ 16ರಲ್ಲಿ 9 ಅಕ್ರೋಟು, 3 ಗುಲಾಬಿ, 3 ಬಟಾಣಿ. ಉಳಿದ 1ಕ್ಕೆ, ಅಪ್ಪ ಅಮ್ಮ ಅಜ್ಜ ಅಜ್ಜಿ ಯಾರಿಗೂ ಇಲ್ಲದ, ನೆಟ್ಟಗೆ ನಿಂತ ಮಾಮೂಲಿ ಒಂಟಿ ಜುಟ್ಟು. ಮೆಹದಿಪಟ್ಟಣಂನಲ್ಲಿ ಆ ಹದಿನಾರನೆಯ ಮರಿ ಹುಟ್ಟಿದ್ದರೆ ಮೇಲಿನ ಮಹಡಿಯವರ ಮೇಲೆ ಪೊಲೀಸ್ ದೂರು ದಾಖಲಾಗುತ್ತಿತ್ತು.

ಗೃಹಸ್ಥರಿಗೆ ಉಪಯೋಗವಾಗುವ ವಿಧಿ ಎರಡುಂಟು. ಬಣ್ಣದ ತಂದೆ ತಾಯಿಗೆ ಪೂರ್ತಿ ಬಿಳಿ ಮರಿ ಹುಟ್ಟಬಹುದು. ಬಿಳಿಯ ಒಂದು ಬಗೆ ಅಡಗಿಕೊಂಡು ಬರುವ ಗುಣ, ಇಬ್ಬರಲ್ಲೂ ಗುಟ್ಟಾಗಿ ಇದ್ದಿರುತ್ತದೆ. ಅದಕ್ಕಾಗಿ ಯಾರನ್ನೂ ದೂರಬಾರದು. ಆದರೆ ಬೋಳುಕುತ್ತಿಗೆ ಅಡಗುವ ಗುಣವಲ್ಲ. ಒಂದೇ ಪ್ರತಿ ಇದ್ದರೂ ಕುತ್ತಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪುಕ್ಕದ ಕುತ್ತಿಗೆಯ ಇಬ್ಬರಿಗೆ ಬೋಳುಕುತ್ತಿಗೆಯ ಮರಿ ಹುಟ್ಟಿದೆಯೆಂದರೆ ಮೂರನೆಯವನೊಬ್ಬ ಇದ್ದೇ ಇದ್ದಾನೆ. ನ್ಯಾಯಾಲಯ ಇದನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದು.

ಕಪ್ಪು ಮರಿಗಳೆರಡನ್ನು ಬದಿಗಿಟ್ಟಿದ್ದೆವು. ಅವನ್ನು ಕಂಡೊಡನೆ ಗೃಹಸ್ಥನ ಎದೆ ಹಾರಿದ್ದು ಅಕಾರಣವಲ್ಲ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕ್ರಿಕೆಟಿಗ ಮಹೇಂದ್ರಸಿಂಗ್ ಧೋನಿ ರಾಂಚಿಯ ತಮ್ಮ ತೋಟಕ್ಕೆ 2000 ಮರಿ ಕೇಳಿದ್ದು, 2021ರ ಮೊದಲಲ್ಲಿ ಹಕ್ಕಿಜ್ವರ ಬಂದು ಅದು ತಪ್ಪಿದ್ದು, 2022ರಲ್ಲಿ ಝಾಬುವಾದಿಂದ ಮರಿಗಳು ಹೊರಟದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. ಅಂದಿನಿಂದ ದೇಶದಲ್ಲಿ ಕಪ್ಪು ಕೋಳಿಗಳೆಲ್ಲ ಕಡಕ್‌ನಾಥ್ ಆಗಿವೆ. ಕಡಕ್‌ನಾಥನಂಥ ಕೋಳಿಗಳ ಕಪ್ಪು 20ನೇ ವರ್ಣತಂತುವಿನ ಒಂದು ಭಾಗ ಇಮ್ಮಡಿಯಾದದ್ದರ ಫಲವೆಂದು 2011ರಲ್ಲಿ ತಿಳಿಯಿತು. ಅದೂ ಮುನ್ನುಗ್ಗುವ ಗುಣ. ಅರ್ಧ ಕಡಕ್‌ನಾಥನೂ ಕಪ್ಪಾಗಬಲ್ಲ. ಸಾಲದ್ದಕ್ಕೆ, ಚರ್ಮ ಕಪ್ಪಾಗದಂತೆ ತಡೆಯುವ ಇನ್ನೊಂದು ಜೀನು ಲಿಂಗ ವರ್ಣತಂತುವಿನ ಮೇಲೆ ಕೂತಿದೆ. ಕಡಕ್‌ನಾಥ್ ಹುಂಜಕ್ಕೂ ಆ ತಡೆಯಿರುವ ಬಿಳಿ ಲೆಗ್‌ಹಾರ್ನ್ ಹೇಂಟೆಗೂ ಹುಟ್ಟಿದ ಮರಿಗಳಲ್ಲಿ ತಂಗಿಯರು ಕಪ್ಪಗೆ, ಅಣ್ಣಂದಿರು ಬಿಳಿಚಿಕೊಂಡು ಇರುತ್ತಾರೆ. ಅಣ್ಣಂದಿರನ್ನು ಬ್ರಾಯ್ಲರ್ ದರಕ್ಕೂ ತಂಗಿಯರನ್ನು ಕಡಕ್‌ನಾಥ್ ದರಕ್ಕೂ ಮಾರಬಹುದೆಂಬ ಉಪಾಯ ಓದುಗರಿಗೆ ತಾನಾಗಿ ಹೊಳೆದರೆ ಅದಕ್ಕೆ ಪ್ರಬಂಧ ಹೊಣೆಯಲ್ಲ. ಬರೇಲಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಡಕ್‌ನಾಥ್ ರಕ್ತದಿಂದ ಮಾಡಿದ ಮಿಶ್ರ ಕೋಳಿಗೆ ಪ್ರಾಮಾಣಿಕವಾಗಿ ಶ್ಯಾಮಾ ಎಂದೇ ಹೆಸರಿಟ್ಟಿದೆ. ಅಸೀಲ್ ರಕ್ತದ್ದಕ್ಕೆ ನಿರ್ಭೀಕ್. ಬುಟ್ಟಿಯವನಿಗೆ ಅಷ್ಟೊಂದು ಹೆಸರುಗಳ ಪುರಸೊತ್ತಿಲ್ಲ.

ಅಸೀಲಿನ ಮಾತು ಬಂತು. ಆಂಧ್ರ ತೆಲಂಗಾಣಗಳಲ್ಲಿ ಜವಾರಿಗಳ ಜವಾರಿ ಎಂದರೆ ಅಸೀಲ್. ನೀಳ ಕುತ್ತಿಗೆ, ಗಟ್ಟಿ ಕಾಲು, ಯಾರನ್ನೂ ಲೆಕ್ಕಕ್ಕಿಡದ ನೋಟ. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಿಂದ ಅಸೀಲ್ ಕೋಳಿಗಳು ಇಂಗ್ಲೆಂಡಿನ ಕಾರ್ನ್‌ವಾಲಿಗೆ ಹೋದವು. ಅಲ್ಲಿಯ ಕೋಳಿಗಳೊಂದಿಗೆ ಬೆರೆತು ಕಾರ್ನಿಷ್ ಎಂಬ ಎದೆ ಅಗಲದ ತಳಿಯಾಯಿತು. ಅಮೆರಿಕದಲ್ಲಿ ಕಾರ್ನಿಷ್ ಹುಂಜವನ್ನು ಬಿಳಿ ಪ್ಲಿಮತ್ ರಾಕ್ ಹೇಂಟೆಗೆ ಕೂಡಿಸಿ ಬ್ರಾಯ್ಲರ್ ಮಾಡಿದರು. ರಾಜೇಂದ್ರನಗರದಲ್ಲಿ ವನರಾಜನ ತಂದೆಯ ಸಾಲಿಗೆ ಮೂಲವಾದದ್ದೂ ಕೆಂಪು ಕಾರ್ನಿಷ್. ಹೀಗೆ ಮೆಹದಿಪಟ್ಟಣಂನ ಚಿಕನ್ ಅಂಗಡಿಯಲ್ಲಿ ಬ್ರಾಯ್ಲರನ್ನು ತುಚ್ಛವಾಗಿ ನೋಡಿ ದೇಸಿ ಕೇಳುವ ಗಿರಾಕಿಯೂ, ದೇಸಿ ಎಂದು ವನರಾಜನನ್ನು ಕೊಡುವ ಅಂಗಡಿಯವನೂ, ತಕ್ಕಡಿಯಲ್ಲಿ ಕೂತ ಹಕ್ಕಿಯೂ ಸೇರಿ ಒಂದೇ ಅಸೀಲ್ ಅಜ್ಜನ ವಂಶಾವಳಿಯನ್ನು ತೂಗುತ್ತಿರುತ್ತಾರೆ.

ಪೂರ್ವನಿದರ್ಶನಗಳಿಲ್ಲದೆ ಶಾಸ್ತ್ರ ನಿಲ್ಲದು. ಕನ್ನಡಕ್ಕೆ ಇಲ್ಲಿ ಹೆಮ್ಮೆಪಡುವಷ್ಟು ಆಸ್ತಿ ಇದೆ. ಜನ್ನ 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ, ಜೀವಹಿಂಸೆ ಬೇಡವೆಂದು ಹಿಟ್ಟಿನ ಹುಂಜ ಮಾಡಿ ಬಲಿ ಕೊಡುತ್ತಾರೆ, ಅದು ಕೂಗುತ್ತದೆ. ಸಂಕಲ್ಪಹಿಂಸೆಯ ಫಲವಾಗಿ ರಾಜ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು ನಾಯಿಗಳಿಂದ ಹಿಡಿದು ಹಲವು ಜನ್ಮವೆತ್ತಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಶ್ರಾವಕರು ಧರ್ಮಸೂಕ್ಷ್ಮವನ್ನು ಗಮನಿಸಲಿ. ಕುಕ್ಕುಟಮೀಮಾಂಸಕರ ಕಣ್ಣು ಬೇರೆ ಕಡೆ ಇರುತ್ತದೆ. ಉಜ್ಜಯಿನಿಯ ಒಬ್ಬ ಅರಸನೂ ಒಬ್ಬ ರಾಜಮಾತೆಯೂ ತತ್ತಿಯೊಡೆದು ಹೊರಬಂದಾಗ ಕಾವಿಗಿಟ್ಟವನಿಗೆ ಗೊತ್ತಾದದ್ದೇನು? ಎರಡು ಮರಿ, ಅಷ್ಟೇ. ತಳಿಯ ತಪ್ಪು ಅಂದಾಜಿನಲ್ಲಿ ಇದನ್ನು ಮೀರಿಸಿದ ದಾಖಲೆ ಜಗತ್ತಿನ ಸಾಹಿತ್ಯದಲ್ಲಿ ಇರಲಾರದು.

ಯುರೋಪಿನವರು ಈ ವಿಷಯದಲ್ಲಿ ಸಹನೆ ತೋರಲಿಲ್ಲ. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಂಜವೊಂದು ತತ್ತಿ ಇಟ್ಟಿತೆಂದು ವಿಚಾರಣೆ ನಡೆಯಿತು. ಹುಂಜದ ತತ್ತಿಯಿಂದ ನೋಟದಲ್ಲೇ ಕೊಲ್ಲುವ ಸರ್ಪರಾಕ್ಷಸ ಹುಟ್ಟುತ್ತದೆಂಬ ಭಯ. ಹುಂಜವನ್ನೂ ತತ್ತಿಯನ್ನೂ ಸುಟ್ಟರು. ಅಂಡಾಶಯ ಕೆಟ್ಟ ಹೇಂಟೆಗೆ ಹುಂಜದ ಪುಕ್ಕ, ಜುಟ್ಟು ಬರುವುದುಂಟೆಂದು ಈಗ ಗೊತ್ತಿದೆ. ಪಾಪದ್ದು ಮುದಿ ಹೇಂಟೆಯಾಗಿದ್ದಿರಬಹುದು. 21 ದಿನ ಕಾದಿದ್ದರೆ ತತ್ತಿಯ ಮಟ್ಟಿಗಾದರೂ ವಿವಾದ ತಾನಾಗಿ ಇತ್ಯರ್ಥವಾಗುತ್ತಿತ್ತು.

ಡಾರ್ವಿನ್ ಕಾಯುವ ಜಾತಿಯವನು. ಕರಿಯ ಸ್ಪ್ಯಾನಿಷ್ ಹುಂಜಕ್ಕೂ ಬಿಳಿಯ ರೇಷ್ಮೆ ಕೋಳಿಗೂ ಹುಟ್ಟಿದ ಮರಿಗಳಲ್ಲಿ ಒಂದು ಹುಂಜ ಬೆಳೆಯುತ್ತ ಬೆಳೆಯುತ್ತ, ಎರಡೂ ಕಡೆಯ ಹೋಲಿಕೆ ಬಿಟ್ಟು, ಕೆಂಪು ಕಾಡುಕೋಳಿಯ ವೇಷ ತಾಳಿತೆಂದು 1868ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಸಾಕುಕೋಳಿಗಳಿಗೆಲ್ಲ ಕೆಂಪು ಕಾಡುಕೋಳಿಯೊಂದೇ ಮೂಲವೆಂದು ಅವನ ತೀರ್ಮಾನ. ಬಹುಮಟ್ಟಿಗೆ ಸರಿ; ಆದರೆ ಕೋಳಿಯ ಹಳದಿ ಚರ್ಮದ ಜೀನು ಬಂದದ್ದು ನಮ್ಮ ದಕ್ಷಿಣದ, ಪಶ್ಚಿಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿಯಿತು. ಕೊಡಗು, ಮಲೆನಾಡಿನವರು ಬೇಕಾದರೆ ಈ ಬಾಬ್ತು ಜಗತ್ತಿನಿಂದ ಗೌರವಧನ ಕೇಳಬಹುದು.

ಹೆಸರಿನ ವ್ಯಾಪಾರಕ್ಕೆ ಉತ್ತಮ ನಿದರ್ಶನ ಅಮೆರಿಕದ ಜಾರ್ಜ್ ಬರ್ನ್‌ಹ್ಯಾಮ್. ಅವನು 1852ರಲ್ಲಿ ವಿಕ್ಟೋರಿಯಾ ರಾಣಿಗೆ ಬೂದು ಬಣ್ಣದ ದೈತ್ಯ ಕೋಳಿಗಳನ್ನು ಕಳಿಸಿದ. ಅವು ಶಾಂಘೈ ಕಡೆಯ ಕೋಳಿಗಳೆಂದು ಅವನೇ ಹೇಳುತ್ತಿದ್ದ. ಆದರೂ ಅಂಥ ಕೋಳಿಗಳಿಗೆ ಬ್ರಹ್ಮಪುತ್ರ ಎಂಬ ಹೆಸರು ಅಂಟಿ, ಮೊಟಕಾಗಿ ಬ್ರಹ್ಮ ಆಯಿತು. ಆ ಕಾಲದ ಕೋಳಿ ಹುಚ್ಚನ್ನು ಗೇಲಿ ಮಾಡಿ 1855ರಲ್ಲಿ ಅವನೇ ಪುಸ್ತಕ ಬರೆದ, ಅದರಲ್ಲಿ ತನ್ನ ಪಾಲೆಷ್ಟೆಂದು ಸಂಕೋಚವಿಲ್ಲದೆ ಹೇಳಿಕೊಂಡ. ಅಸ್ಸಾಮಿನ ನದಿಯ ಹೆಸರು ಹೊತ್ತು ಪಶ್ಚಿಮದಲ್ಲಿ ಬೆಳೆದ ಬ್ರಹ್ಮ ಈಗ ಭಾರತಕ್ಕೆ ವಿದೇಶಿ ಶೋಕಿ ಕೋಳಿಯಾಗಿ, ಜೋಡಿಗೆ ಸಾವಿರಗಟ್ಟಲೆ ರೂಪಾಯಿ ಬೆಲೆ ಹೊತ್ತು ಮರಳಿದೆ.

ಸಣ್ಣಪುಟ್ಟ ಪ್ರಕರಣಗಳನ್ನು ಬೇಗ ಮುಗಿಸಬಹುದು. ಬೀದಿಯಲ್ಲಿ ಮಕ್ಕಳಿಗೆ ಮಾರುವ ಗುಲಾಬಿ, ಹಸಿರು, ನೇರಳೆ ಮರಿಗಳ ತಳಿ ಯಾವುದು? ಬಹುಪಾಲು ತತ್ತಿ ತಳಿಯ ಗಂಡುಮರಿಗಳು. ತತ್ತಿ ಇಡದ, ಮಾಂಸಕ್ಕೂ ಬೇಗ ಬೆಳೆಯದ ಅವುಗಳನ್ನು ಹ್ಯಾಚರಿಗಳು ಬೇಡವೆಂದು ತಳ್ಳುತ್ತವೆ. ಬಣ್ಣದ ನೀರಿನಲ್ಲಿ ಮುಳುಗೆದ್ದು ಬೀದಿಗೆ ಬರುತ್ತವೆ. ಬದುಕಿದ ಅದೃಷ್ಟಶಾಲಿಗೆ ಕೆಲವೇ ವಾರದಲ್ಲಿ ಹೊಸ ಪುಕ್ಕ ಬಂದು ಬಿಳಿ ಹುಂಜವಾಗುತ್ತದೆ. ಇದನ್ನು ಶಾಸ್ತ್ರ ಅನ್ಯೋತ್ಪತ್ತಿ ಎನ್ನುವುದಿಲ್ಲ, ಇದಕ್ಕೆ ಬೇರೆ ಕಾಯಿದೆಗಳಿವೆ. ಹಾಗೆಯೇ 21ನೇ ದಿನ ಒಡೆಯದೆ ಉಳಿದ ಗಟ್ಟಿ ಚಿಪ್ಪಿನ ತತ್ತಿಯನ್ನು ಸತ್ತದ್ದೆಂದು ಎಸೆಯುವ ಮುನ್ನ ಗೃಹಸ್ಥ ಇನ್ನೊಂದು ವಾರ ಕಾಯುವುದು ಒಳ್ಳೆಯದು. ಬುಟ್ಟಿಯಲ್ಲಿ ಗಿನಿಕೋಳಿಯ ತತ್ತಿ ಸೇರಿಕೊಂಡಿದ್ದರೆ ಅದಕ್ಕೆ 26ರಿಂದ 28 ದಿನ ಬೇಕು. ಇಜ್ಜತ್‌ನಗರದವರು ಗಿನಿಕೋಳಿಯ ಮೂರು ಬಗೆಗೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂದು ಹೆಸರಿಟ್ಟಿದ್ದಾರೆ. ನಾಲ್ಕು ವಾರದಲ್ಲಿ ಕಾದಂಬರಿ ಹೊರತರುವ ಸಾಮರ್ಥ್ಯ ಕನ್ನಡದಲ್ಲೂ ಕೆಲವರಿಗೆ ಮಾತ್ರ ಇತ್ತು.

ಹಾಗಾದರೆ ಮರಿಗೆ ಏನೆಂದು ಹೆಸರಿಡಬೇಕು? ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶದ ಕೋಳಿ ತಳಿಗಳನ್ನು ನೋಂದಾಯಿಸುತ್ತದೆ. ಅದರ ಪಟ್ಟಿಯಲ್ಲಿ ಆಂಧ್ರ ಕರ್ನಾಟಕ ಎರಡರ ಹೆಸರಿನಲ್ಲೂ ಇರುವ ಘಾಗಸ್ ಎಂಬ ತಳಿಯುಂಟು. ಪಟ್ಟಿಯ ಹೊರಗೆ ದೇಶದ ಅಂಗಳಗಳಲ್ಲಿ ಕೆದಕುತ್ತಿರುವ ಅಸಂಖ್ಯ ಕೋಳಿಗಳಿಗೆ ಯಾವ ಹೆಸರೂ ಇಲ್ಲ. ಅವುಗಳ ಮಟ್ಟಿಗೆ ಹಳೆಯ ಶಾಸ್ತ್ರಕಾರರೇ ಜಾಣರು. ತುಳುನಾಡಿನ ಕುಕ್ಕುಟ ಪಂಚಾಂಗವಾಗಲಿ, ಗೋದಾವರಿ ಸೀಮೆಯ ಕುಕ್ಕುಟಶಾಸ್ತ್ರವಾಗಲಿ ಕೋಳಿಯ ಅಪ್ಪ ಯಾರೆಂದು ಕೇಳುವುದಿಲ್ಲ. ಹುಂಜ ಬೆಳೆದು ಪುಕ್ಕ ತುಂಬಿದ ಮೇಲೆ, ಮೈಬಣ್ಣ ನೋಡಿ ಹೆಸರಿಡುತ್ತವೆ. ತುಳುವರಲ್ಲಿ ಬೊಳ್ಳೆ, ಕೆಮ್ಮೈರೆ, ಕಕ್ಕೆ, ಉರಿಯೆ. ತೆಲುಗರಲ್ಲಿ ಸೇತು, ಡೇಗ, ಕಾಕಿ, ನೆಮಲಿ. ಒಂದೇ ಕಾವಿನ ಅಣ್ಣತಮ್ಮಂದಿರು ನಾಲ್ಕು ಜಾತಿಯವರಾಗಲು ಅಡ್ಡಿಯಿಲ್ಲ. ಕೋಳಿ ಅಂಕದಲ್ಲಿ ಯಾವ ದಿನ ಯಾವ ಬಣ್ಣಕ್ಕೆ ಜಯವೆಂಬ ಆ ಶಾಸ್ತ್ರಗಳ ಮುಂದಿನ ಅಧ್ಯಾಯ 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ ವಿರುದ್ಧವಾದದ್ದರಿಂದ ಇಲ್ಲಿ ಕೈಬಿಡಲಾಗಿದೆ. ನಾಮಕರಣದ ಪದ್ಧತಿ ಮಾತ್ರ ಅನುಕರಣೀಯ: ಮೊದಲು ಹಕ್ಕಿ, ಆಮೇಲೆ ಹೆಸರು.

ಪ್ರಯೋಗಕ್ಕೆ ಗೃಹಸ್ಥನ ಪಟ್ಟೆಬೆನ್ನಿನ ಮರಿಯನ್ನೇ ತೆಗೆದುಕೊಳ್ಳಬಹುದು. ಆರು ತಿಂಗಳಲ್ಲಿ ಅದು ಹೊಂಬಣ್ಣ ಬೆರೆತ ಕೆಂಪು ಹುಂಜವಾಗಿ, ನೀರಿನ ಟ್ಯಾಂಕಿನ ಮೇಲೆ ಹತ್ತಿ ನಸುಕಿನ ನಾಲ್ಕಕ್ಕೆ ಕೂಗುತ್ತದೆ. ಬೀದರಿನ ಕಾಕಾ ಬಂದು ನೋಡಿ ಜವಾರಿ ಎನ್ನುತ್ತಾರೆ. ಎರಡನೇ ಮಹಡಿಯ ಮಂಗಳೂರಿನವರು ಕೆಮ್ಮೈರೆ ಎನ್ನುತ್ತಾರೆ. ಭೀಮವರಂನಿಂದ ಬಂದ ಪಕ್ಕದ ಮನೆಯವರಿಗೆ ಅದು ಡೇಗ. ಹಳೆಯ ಶಹರಿನಿಂದ ಅಸೀಲ್ ಸಾಕಿ ಬಲ್ಲ ಮುದುಕರೊಬ್ಬರು ಬಂದು, ಕಾಲು ಹಿಡಿದು, ಕೊಕ್ಕು ಬಿಡಿಸಿ ನೋಡಿ, ಅಸೀಲಿನ ಪೀಲಾ ಇರಬಹುದಿತ್ತು, ಆದರೆ ಕುತ್ತಿಗೆ ಸಾಲದು ಎನ್ನುತ್ತಾರೆ. ರಾಜೇಂದ್ರನಗರದಲ್ಲಿ ಓದುವ ಹುಡುಗ ಫೋನಿನಿಂದ ತಲೆಯೆತ್ತದೆ ಕ್ರಾಸ್ ಎನ್ನುತ್ತಾನೆ. ಇಷ್ಟೂ ಮತಗಳನ್ನು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯ ಗಮನಕ್ಕೆ ತಂದದ್ದಾಯಿತು. ಲಿಫ್ಟಿನ ಬಾಗಿಲಿಗೆ ಅಂಟಿಸಿದ ಅವರ ನೋಟಿಸಿನಲ್ಲಿ ಮಾತ್ರ ಆರಂಭದಿಂದ ಕೊನೆಯವರೆಗೆ ಇರುವುದು "ಸದರಿ ಹುಂಜ".